ವೃದ್ಧರ ಕ್ಷೇಮವನ್ನು ಅಳೆಯಬಹುದೇ?

ಬಡ ವೃದ್ಧರಿಗೆ ಸರ್ಕಾರವು ಮಾಸಿಕ ವೇತನವೊಂದನ್ನು ಗೊತ್ತುಮಾಡಿತೆನ್ನೋಣ. ಆರು ತಿಂಗಳಾದ ಮೇಲೆ ಅವರ ಮನೆಗಳಿಗೆ ಹೋಗಿ, "ಈಗ ಹೇಗಿದ್ದೀರಿ?" ಎಂದು ಕೇಳಿದರೆ ಹಲವರು "ಮೊದಲಿಗಿಂತ ವಾಸಿ" ಎನ್ನಬಹುದು. ಇಷ್ಟರಿಂದಲೇ ಹಣವು ಅವರ ಆರೋಗ್ಯವನ್ನು ಸುಧಾರಿಸಿತೆಂದು ಹೇಳಲಾಗದು. ಅಷ್ಟರಲ್ಲಿ ಋತು ಬದಲಾಗಿರುತ್ತದೆ. ಧಾನ್ಯದ ಬೆಲೆ ಇಳಿದಿರಬಹುದು. ಹಣ ಕೊಟ್ಟವರೇ ಬಂದು ಕೇಳುತ್ತಿದ್ದಾರೆಂಬ ದಾಕ್ಷಿಣ್ಯವೂ ಉತ್ತರದಲ್ಲಿ ಬೆರೆತಿರಬಹುದು. ಪ್ರಯೋಗಶಾಲೆಯಲ್ಲಿ ನಾವು ಒಂದು ಅಂಶವನ್ನು ಮಾತ್ರ ಬದಲಿಸಿ ಮಿಕ್ಕವನ್ನು ಸ್ಥಿರವಾಗಿಡುತ್ತೇವೆ. ಮನುಷ್ಯರ ಬಾಳಿನಲ್ಲಿ ಮಿಕ್ಕವನ್ನು ಸ್ಥಿರವಾಗಿಡುವವರಾರು?

ಈ ತೊಡಕನ್ನು ಬಿಡಿಸುವ ಒಂದು ಬಗೆಯನ್ನು ಮೆಕ್ಸಿಕೋ ದೇಶದ ಯುಕಟಾನ್ ರಾಜ್ಯದಲ್ಲಿ ಕಾಣುತ್ತೇವೆ. ಎಮ್ಮಾ ಅಗಿಲಾ, ಆರಿ ಕ್ಯಾಪ್ಟೀನ್, ಜೇಮ್ಸ್ ಸ್ಮಿತ್ ಎಂಬ ವಿದ್ವಾಂಸರು 2015ರಲ್ಲಿ ಪ್ರಕಟಿಸಿದ ಅಧ್ಯಯನವಿದು. ಅವರು ಆರಿಸಿಕೊಂಡುದು ವಯಾದೊಲಿದ್ ಮತ್ತು ಮೊತುಲ್ ಎಂಬ ಎರಡು ಊರುಗಳನ್ನು. ವಯಾದೊಲಿದಿನಲ್ಲಿ 70 ವರ್ಷ ತುಂಬಿದವರಿಗೆ ತಿಂಗಳಿಗೆ 67 ಡಾಲರಿಗೆ ಸಮನಾದ ಹಣ ದೊರೆಯಿತು. ಮನೆಯ ಸರಾಸರಿ ವರಮಾನಕ್ಕೆ ಇದು ಶೇಕಡ 44ರಷ್ಟು ಹೆಚ್ಚಳ. ಮೊತುಲಿನ ವೃದ್ಧರಿಗೆ ಆ ಅವಧಿಯಲ್ಲಿ ಇದು ದೊರೆಯಲಿಲ್ಲ. ಹಣ ಬರುವ ಮುನ್ನ ಒಮ್ಮೆ, ಆರು ತಿಂಗಳ ಬಳಿಕ ಇನ್ನೊಮ್ಮೆ, ಎರಡು ಊರುಗಳಲ್ಲಿಯೂ ಒಂದೇ ಬಗೆಯ ವಿಚಾರಣೆ ನಡೆಯಿತು. ಬರಿಯ ಬಾಯಿಮಾತನ್ನು ನಂಬಿ ಕೂರದೆ ನೆನಪಿನ ಶಕ್ತಿಯನ್ನೂ ಶ್ವಾಸಕೋಶದ ಬಲವನ್ನೂ ಅಳೆದರೆಂಬುದು ನಮಗೆ ಮೆಚ್ಚುಗೆಯಾದ ಸಂಗತಿ. ದಾಕ್ಷಿಣ್ಯಕ್ಕಾಗಿ ಯಾರೂ ಇಲ್ಲದ ಉಸಿರನ್ನು ಊದಿ ತೋರಿಸಲಾರರಷ್ಟೆ!

ಲೆಕ್ಕದ ಮರ್ಮವನ್ನು ನೋಡೋಣ. ಯಾವುದೋ ಪರೀಕ್ಷೆಯಲ್ಲಿ ವಯಾದೊಲಿದಿನ ಸರಾಸರಿ ಅಂಕ 40ರಿಂದ 46ಕ್ಕೂ ಮೊತುಲಿನದು 41ರಿಂದ 43ಕ್ಕೂ ಏರಿತೆಂದು ಭಾವಿಸಿರಿ. (ಇವು ವಿವರಣೆಗಾಗಿ ನಾವು ಕಲ್ಪಿಸಿಕೊಂಡ ಅಂಕಿಗಳು.) ಹಣವಿಲ್ಲದ ಮೊತುಲಿನಲ್ಲಿಯೂ 2 ಅಂಕ ಏರಿದುದೇಕೆ? ಅದೇ ಪರೀಕ್ಷೆಯನ್ನು ಎರಡನೆಯ ಸಲ ಎದುರಿಸುವಾಗ ರೂಢಿಯ ಬಲವಿರುತ್ತದೆ, ಹವೆಯೂ ಹಿತವಾಗಿದ್ದಿರಬಹುದು. ಕಾರಣ ಯಾವುದೇ ಇರಲಿ, ಆ 2 ವಯಾದೊಲಿದಿನ 6ರಲ್ಲಿಯೂ ಅಡಗಿದೆ. ಅದನ್ನು ಕಳೆದು ಉಳಿದ 4 ಮಾತ್ರ ಹಣದ ಲೆಕ್ಕಕ್ಕೆ ಸೇರತಕ್ಕದ್ದು. ಎರಡು ಊರುಗಳ ಮೊದಲಿನ ಅಂಕ ಸಮನಾಗಿರಬೇಕೆಂಬ ನಿಯಮವಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಹಣ ಬಾರದಿದ್ದಲ್ಲಿ ಎರಡೂ ಒಂದೇ ಪ್ರಮಾಣದಲ್ಲಿ ಬದಲಾಗುತ್ತಿದ್ದುವೆಂದು ಒಪ್ಪಿದರೆ ಸಾಕು. ಸಂದೇಹಪಡುವುದಾದರೆ ಇಲ್ಲಿಯೇ ಪಡಬೇಕು. ಆ ಆರು ತಿಂಗಳಲ್ಲಿ ಒಂದು ಊರಿಗೆ ಮಾತ್ರ ಒಳ್ಳೆಯ ವೈದ್ಯರೊಬ್ಬರು ಬಂದು ನೆಲಸಿದ್ದರೆ ಅವರ ಕೈಗುಣವೂ ಹಣದ ಖಾತೆಗೇ ಜಮೆಯಾಗುತ್ತದೆ. ಎರಡೇ ಊರುಗಳ ಹೋಲಿಕೆಯಲ್ಲಿ ಈ ಅಳುಕು ತಪ್ಪಿದ್ದಲ್ಲ.

ಫಲಿತಾಂಶವಾದರೋ ಗಮನಾರ್ಹವಾಗಿತ್ತು. ನೆನಪು, ಶ್ವಾಸಕೋಶಗಳ ವಿಷಯದಲ್ಲಿ ವಯಾದೊಲಿದಿನ ವೃದ್ಧರು 5ರಿಂದ 10 ವರ್ಷ ಕಿರಿಯರಾದಷ್ಟು ಸುಧಾರಣೆ ಕಂಡುಬಂದಿತು. ಅವರು ಹಣವನ್ನು ವೈದ್ಯರ ಭೇಟಿಗೆ, ಔಷಧಿಗೆ, ಹಸಿವನ್ನು ನೀಗಲು ಬಳಸಿದ್ದರು. ಸರ್ಕಾರ ಕೊಟ್ಟರೆ ಮಕ್ಕಳು ಕೈಬಿಡುತ್ತಾರೆಂಬ ಆಕ್ಷೇಪವನ್ನು ನಾವು ಆಗಾಗ ಕೇಳುತ್ತೇವೆ. ಅಲ್ಲಿ ಹಾಗಾಗಲಿಲ್ಲ.

ವೇತನವನ್ನು ಕೊಡುವ ಬದಲು ಮುಂದಕ್ಕೆ ತಳ್ಳಿದಾಗ ಏನಾಗುತ್ತದೆ? ಬ್ರಿಟನ್ನಿನಲ್ಲಿ ಸ್ತ್ರೀಯರು ಸರ್ಕಾರಿ ವೃದ್ಧಾಪ್ಯ ವೇತನ ಪಡೆಯುವ ವಯಸ್ಸನ್ನು 2010ರಿಂದ ಹಂತಹಂತವಾಗಿ ಏರಿಸಲಾಯಿತು. 60 ಇದ್ದುದು 2020ರಲ್ಲಿ 66 ಆಯಿತು. ದೇಶಕ್ಕೆಲ್ಲ ಒಂದೇ ಕಾನೂನಾದುದರಿಂದ ಹೋಲಿಕೆಗೆ ಎರಡನೆಯ ಊರಿಲ್ಲ. ಆದರೆ ಜನ್ಮದಿನಾಂಕವುಂಟು. ತುಸು ಮುಂಚೆ ಹುಟ್ಟಿದವರಿಗೆ ವೇತನ ಬೇಗ, ತುಸು ಹಿಂದೆ ಹುಟ್ಟಿದವರಿಗೆ ತಡ. ಈ ಎರಡು ಗುಂಪುಗಳಿಗೆ ಮಿಕ್ಕ ವಿಷಯಗಳಲ್ಲಿ ಹೆಚ್ಚಿನ ಅಂತರವಿರಲು ಕಾರಣವಿಲ್ಲ. ಇಂತಹ ಹೋಲಿಕೆಯನ್ನು ಆಧರಿಸಿ 2020ರಲ್ಲಿ ಹೊರಬಂದ ಸಂಶೋಧನೆಯೊಂದು, ಕೆಳದರ್ಜೆಯ ಉದ್ಯೋಗಗಳಲ್ಲಿದ್ದ ಸ್ತ್ರೀಯರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚಿದುದನ್ನು ಕಂಡಿತು. ಕೆಲಸದ ಒತ್ತಡ ಹೆಚ್ಚಾಗಿದ್ದು ಕೆಲಸದ ಮೇಲೆ ತಮ್ಮ ಹಿಡಿತ ಕಡಿಮೆಯಿರುವ ಇಂತಹ ಉದ್ಯೋಗಗಳಲ್ಲಿ ಇನ್ನಷ್ಟು ವರ್ಷ ದುಡಿಯಬೇಕಾಗಿ ಬಂದುದೇ ಇದಕ್ಕೆ ಕಾರಣವಾಗಿರಬೇಕೆಂದು ಆ ಸಂಶೋಧಕರ ಅಭಿಪ್ರಾಯ.