ಕಟ್ಟಿಹಾಕದ ಕರುಣೆ

ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಮೊದಲನೆಯದೇ ಬಂಧ, ಜೀವಿಯು ತಾನು ಬಯಸಿದೆಡೆಗೆ ಚಲಿಸದಂತೆ ಕಟ್ಟಿ ತಡೆಯುವುದು. ದನಕರುಗಳ ಸಂದರ್ಭದಲ್ಲಿ ಸಾಮಾನ್ಯವಾಗಿ ವಿವರಿಸುವ ಈ ದೋಷ ದಂತವೈದ್ಯರ ಕುರ್ಚಿಯ ಬಳಿಯೂ ಸಂಭವಿಸಬಲ್ಲದು.

ಗೋಕಾಕ, ಮೂಡಲಗಿ, ಹುಕ್ಕೇರಿಯ ಮನೆಗಳಲ್ಲಿ ಕರದಂಟು ಪ್ರೀತಿಯ ತಿನಿಸು. ಅದರ ಬೆಲ್ಲ, ಅಂಟು ಹಲ್ಲಿನ ಸಂದಿಯಲ್ಲಿ ನಿಲ್ಲುತ್ತವೆ. ಆಟಿಸಂ ಅಥವಾ ಬೌದ್ಧಿಕ ನ್ಯೂನತೆಯುಳ್ಳ ಮಗು ಹಲ್ಲುನೋವನ್ನು ಮಾತಿನಲ್ಲಿ ಹೇಳಲಾರದೆ ಊಟ ಬಿಡಬಹುದು, ಕೆನ್ನೆ ಬಡಿದುಕೊಳ್ಳಬಹುದು. ಚಿಕಿತ್ಸಾಲಯದ ಪ್ರಖರ ದೀಪಕ್ಕೆ, ಯಂತ್ರದ ಸದ್ದಿಗೆ ಬೆದರಿ ಬಾಯಿ ಬಿಗಿದರೆ ಹೆತ್ತವರೇ ಕೈಕಾಲು ಅದುಮಿ ಹಿಡಿಯುತ್ತಾರೆ. ಹಲ್ಲು ಹೋಗುತ್ತದೆ, ಭಯ ಉಳಿಯುತ್ತದೆ.

ಹಾಗಾದರೆ ಹೆತ್ತವರು ಪಾಪಕ್ಕೆ ಗುರಿಯೇ? ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಒಂದು ದೃಷ್ಟಾಂತ ಕೊಡುತ್ತಾರೆ: ಪರಮ ಕರುಣೆಯಿಂದ ಮುನಿಯ ಕುರುವನ್ನು ಕೊಯ್ಯುವ ವೈದ್ಯನು ನೋವಿಗೆ ಕಾರಣನಾದರೂ, ಅಷ್ಟರಿಂದಲೇ ಅವನಿಗೆ ಪಾಪಬಂಧವಿಲ್ಲ. ಆದರೆ ಕರುಣೆ ಬೇರೆ, ಪ್ರಮಾದ ಬೇರೆ. ಕೀವು ಹರಡಿ ಪ್ರಾಣಕ್ಕೆ ಅಪಾಯವಿದ್ದಾಗ ಕ್ಷಣಕಾಲ ಮೃದುವಾಗಿ ಹಿಡಿಯುವುದು ಒಂದು. ಸಮಯ ಉಳಿಸಲು ಕಟ್ಟುವುದು ಇನ್ನೊಂದು.

ಅನ್ಯಮಾರ್ಗಗಳೂ ಇವೆ. ಮೊದಲು ಹೇಳಿ, ಬಳಿಕ ತೋರಿಸಿ, ಆಮೇಲೆ ಮಾಡುವ ಕ್ರಮವನ್ನು ಮಕ್ಕಳ ದಂತವೈದ್ಯರು 1959ರಿಂದಲೂ ಬಲ್ಲರು. ಮಗು ಕೈ ಎತ್ತಿದರೆ ಕೆಲಸ ನಿಲ್ಲಿಸುವೆವೆಂದು ಮಾತು ಕೊಟ್ಟು ಅದನ್ನು ಪಾಲಿಸುವುದೂ ಒಂದು ಸತ್ಯವ್ರತವೇ. ಮಗುವಿನ ಬಾಯಿಗೆ ಕೈ ಅಡ್ಡಹಿಡಿದು ಸುಮ್ಮನಾಗಿಸುವ ಹಳೆಯ ಪದ್ಧತಿಯನ್ನು ಅಮೆರಿಕದ ಮಕ್ಕಳ ದಂತವೈದ್ಯರ ಅಕಾಡೆಮಿ 2006ರಲ್ಲಿ ಕೈಬಿಟ್ಟಿತು. ಅಗತ್ಯವಿದ್ದಲ್ಲಿ ಅರಿವಳಿಕೆ ನೀಡಿಯೂ ಚಿಕಿತ್ಸೆ ಮಾಡಬಹುದು. ಅದಕ್ಕಾಗಿ ಬೆಳಗಾವಿಯಂತಹ ನಗರದ ಆಸ್ಪತ್ರೆಗೆ ಹೋಗುವ ಶ್ರಮ ವ್ಯರ್ಥವಲ್ಲ.

ಅಂಗವಿಕಲರ ಹಕ್ಕುಗಳ ಅಧಿನಿಯಮ, 2016 ಅಮಾನವೀಯ ವರ್ತನೆಯಿಂದ ರಕ್ಷಣೆಯನ್ನೂ ಚಿಕಿತ್ಸೆಯಲ್ಲಿ ಆದ್ಯತೆಯನ್ನೂ ಹೇಳುತ್ತದೆ. ಪಾಲಕರ ಸಹಿ ಕಾನೂನಿಗೆ ಸಾಕಾಗಬಹುದು. ಬಾಯಿ ಯಾರದೋ ಅವರ ತಲೆದೂಗುವಿಕೆಗೂ ಕಾಯುವುದು ಧರ್ಮ. ಮಾತು ಬಾರದವರ ಕಣ್ಣು, ಕೈ, ಉಸಿರುಗಳೂ ಒಪ್ಪಿಗೆ, ನಿರಾಕರಣೆಗಳನ್ನು ನುಡಿಯುತ್ತವೆ.

ಶ್ರಾವಕರ ಸಂಯಮ ಮನೆಯಲ್ಲೇ ಆರಂಭವಾಗಲಿ. ಸಿಹಿ ಮಿತವಾಗಿರಲಿ, ನಿತ್ಯ ಹಲ್ಲುಜ್ಜುವಾಗ ಮಗುವಿನ ಅನುಮತಿ ಕೇಳುವ ಅಭ್ಯಾಸವಿರಲಿ. ಹಿಡಿಯುವ ಕೈ ಮೊದಲು ತನ್ನ ಆತುರವನ್ನು ಹಿಡಿಯಲಿ.