ನಾಯಕನೇ ಕಣದಲ್ಲಿ ಇರಲಿಲ್ಲ!

ನೈಜೀರಿಯಾದ ಮೊದಲ ಶಾಸನಸಭಾ ಚುನಾವಣೆ ನಡೆದದ್ದು 1923ರ ಸೆಪ್ಟೆಂಬರ್‌ನಲ್ಲಿ, ಬ್ರಿಟಿಷರ ಆಳ್ವಿಕೆಯಲ್ಲಿ. ಗವರ್ನರ್ ಹ್ಯೂ ಕ್ಲಿಫರ್ಡ್ ತಂದ 1922ರ ಸಂವಿಧಾನ ಜನರಿಂದ ಆಯ್ಕೆಯಾಗಲು ಬಿಟ್ಟುಕೊಟ್ಟದ್ದು ಬರೀ 4 ಸ್ಥಾನ: ಲಾಗೋಸ್‌ಗೆ 3, ಕ್ಯಾಲಬಾರ್‌ಗೆ 1. ಉಳಿದವರೆಲ್ಲ ಅಧಿಕಾರಿಗಳು, ಇಲ್ಲವೇ ನಾಮನಿರ್ದೇಶನಗೊಂಡವರು. ಉತ್ತರ ಭಾಗಕ್ಕಂತೂ ಈ ಸಭೆ ಕಾನೂನು ಮಾಡುವಂತೆಯೇ ಇರಲಿಲ್ಲ.

ಮತ ಹಾಕುವ ಹಕ್ಕೂ ಎಲ್ಲರಿಗಿರಲಿಲ್ಲ. ವರ್ಷಕ್ಕೆ 100 ಪೌಂಡ್ ಆದಾಯವಿರುವ ಗಂಡಸರಿಗೆ ಮಾತ್ರ! ಆಗಿನ ಕಾಲಕ್ಕೆ ಅದು ಸಣ್ಣ ಮೊತ್ತವೇನಲ್ಲ. ಬೀದಿ ವ್ಯಾಪಾರಿ, ಕೂಲಿಕಾರರೆಲ್ಲ ಹೊರಗುಳಿದರು.

ಆದರೂ ಲಾಗೋಸ್‌ನಲ್ಲಿ ಚುನಾವಣೆ ರಂಗೇರಿತು. ಕಾರಣ, ಗಿರಿಜಾ ಮೀಸೆಯ ಸರ್ವೇಯರ್ ಹರ್ಬರ್ಟ್ ಮೆಕಾಲೆ. ಪಶ್ಚಿಮ ಆಫ್ರಿಕಾದ ಮೊದಲ ಆಫ್ರಿಕನ್ ಆಂಗ್ಲಿಕನ್ ಬಿಷಪ್ ಸ್ಯಾಮ್ಯುಯೆಲ್ ಅಜಾಯಿ ಕ್ರೌಥರ್ ಅವರ ಮೊಮ್ಮಗ. ಸರ್ಕಾರದ ಭೂನೀತಿಯನ್ನು ಪತ್ರಿಕೆಗಳಲ್ಲಿ ಹಿಗ್ಗಾಮುಗ್ಗಾ ಜಾಡಿಸುತ್ತಿದ್ದ ಇವರು, ಚುನಾವಣೆಗೆ ಕೆಲವೇ ತಿಂಗಳ ಮುಂಚೆ ನೈಜೀರಿಯನ್ ನ್ಯಾಷನಲ್ ಡೆಮಾಕ್ರಟಿಕ್ ಪಾರ್ಟಿ ಕಟ್ಟಿದರು. ಆದರೆ ಹಿಂದೆ ಜೈಲು ಶಿಕ್ಷೆಯಾಗಿದ್ದರಿಂದ ತಾವೇ ಸ್ಪರ್ಧಿಸುವಂತಿರಲಿಲ್ಲ. ಹೊರಗೆ ನಿಂತೇ ಪ್ರಚಾರ ನಡೆಸಿದರು, ಲಾಗೋಸ್‌ನ ಮೂರೂ ಸ್ಥಾನ ಪಕ್ಷದ ಪಾಲಾಯಿತು. 1928, 1933ರಲ್ಲೂ ಅದೇ ಕಥೆ. 1938ರಲ್ಲಿ ನೈಜೀರಿಯನ್ ಯೂತ್ ಮೂವ್‌ಮೆಂಟ್‌ನ ಹುಡುಗರು ಬಂದು ಈ ಹಳೆ ಹುಲಿಯ ಪಕ್ಷವನ್ನು ಸೋಲಿಸಿದರು.