ಗಾಂಧೀಜಿ ಒಪ್ಪಿದ ಮಶೀನು

ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಕಥೆ ಹೇಳಲು ಕೂತರೆ ನಮ್ಮ ಊರಿನವರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಟಿಳಕವಾಡಿಯ ಬಯಲಿಗೆ ವಿಜಯನಗರ ಎಂದು ಹೆಸರಿಟ್ಟದ್ದು, ನೀರಿಗಾಗಿ ತೋಡಿದ ಬಾವಿಯನ್ನು ಪಂಪಾ ಸರೋವರ ಎಂದು ಕರೆದದ್ದು, ವೀಣೆ ಶೇಷಣ್ಣನವರು ನುಡಿಸಿದ್ದು, ಗಂಗಾಧರರಾವ್ ದೇಶಪಾಂಡೆಯವರು ಊಟ ನಿದ್ದೆ ಬಿಟ್ಟು ಓಡಾಡಿದ್ದು, ಒಂದೂ ಬಿಡುವುದಿಲ್ಲ. ಹೊಲಿಗೆ ಮಶೀನಿನ ಸುದ್ದಿಯನ್ನು ಮಾತ್ರ ಯಾರೂ ಎತ್ತಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಎತ್ತಬೇಕಿತ್ತು. ಅಧ್ಯಕ್ಷರಾಗಿ ಬಂದ ಗಾಂಧೀಜಿ ಅದಕ್ಕೆ ಆರು ವಾರ ಮುಂಚೆಯಷ್ಟೇ, ತಮ್ಮದೇ ಪತ್ರಿಕೆಯಲ್ಲಿ, ಸಿಂಗರ್ ಮಶೀನಿಗೆ ಮಾಫಿ ಕೊಟ್ಟಿದ್ದರು.

ಆದದ್ದು ಹೀಗೆ. ಹಿಂದೂ ಮುಸ್ಲಿಂ ಐಕ್ಯಕ್ಕಾಗಿ ದಿಲ್ಲಿಯಲ್ಲಿ 21 ದಿನ ಉಪವಾಸ ಮಾಡಿದ ಗಾಂಧೀಜಿ ಚೇತರಿಸಿಕೊಳ್ಳುತ್ತಿದ್ದರು. ಶಾಂತಿನಿಕೇತನದ ವಿದ್ಯಾರ್ಥಿಯೊಬ್ಬ ಅವರನ್ನು ಕಾಣಲು ಬಂದ. ಹೆಸರು ಜಿ. ರಾಮಚಂದ್ರನ್, ಮುಂದೆ ತಮಿಳುನಾಡಿನಲ್ಲಿ ಗಾಂಧಿಗ್ರಾಮ ಕಟ್ಟಿದವರು ಇವರೇ. ಹುಡುಗ ಬಿಡದೆ ಕೇಳಿದ: ನಿಮಗೆ ಯಂತ್ರವೆಂದರೆ ಆಗುವುದೇ ಇಲ್ಲವೇ? ಈ ಮೈಯೇ ಒಂದು ಯಂತ್ರ, ಚರಕವೂ ಯಂತ್ರ, ನನ್ನ ತಕರಾರೇನಿದ್ದರೂ ಯಂತ್ರದ ಹುಚ್ಚಿನ ಮೇಲೆ ಎಂಬ ಧಾಟಿಯಲ್ಲಿ ಉತ್ತರ ಬಂತು. ಹಾಗಾದರೆ ಯಾವ ಯಂತ್ರಕ್ಕೆ ವಿನಾಯಿತಿ? ಸಿಂಗರ್ ಹೊಲಿಗೆ ಮಶೀನಿಗೆ. ಈ ಮಾತುಕತೆಯನ್ನು ಮಹಾದೇವ ದೇಸಾಯಿ ಬರೆದಿಟ್ಟರು. 1924ರ ನವೆಂಬರ್ 13ರ ‘ಯಂಗ್ ಇಂಡಿಯಾ’ದಲ್ಲಿ ಅದು ಅಚ್ಚಾಯಿತು.

ಮಾಫಿಗೆ ಗಾಂಧೀಜಿ ಕೊಟ್ಟ ಕಾರಣ ಒಂದು ಪ್ರೇಮಕಥೆ. ಹೆಂಡತಿ ಸೂಜಿ ಹಿಡಿದು ಬೇಸರದ ಕೆಲಸದಲ್ಲಿ ಬೇಯುವುದನ್ನು ಸಿಂಗರ್ ನೋಡಿದ, ಅವಳ ಮೇಲಿನ ಮಮತೆಯಿಂದ ಮಶೀನು ಕಂಡುಹಿಡಿದ, ಅವಳ ಜತೆಗೆ ಮಶೀನು ಕೊಳ್ಳಬಲ್ಲ ಎಲ್ಲರ ಕಷ್ಟವೂ ತಪ್ಪಿತು. ಲೋಭದಿಂದಲ್ಲ, ಪ್ರೀತಿಯಿಂದ ಹುಟ್ಟಿದ ಯಂತ್ರ, ಆದ್ದರಿಂದ ಅದಕ್ಕೆ ಜಾಗ ಉಂಟು.

ಚೆಂದದ ಕಥೆ. ಏನು ಮಾಡುವುದು, ಸುಳ್ಳು.

ಐಸಾಕ್ ಮೆರಿಟ್ ಸಿಂಗರ್ ಅಮೆರಿಕದ ಊರೂರು ಅಲೆಯುತ್ತಿದ್ದ ನಾಟಕದವನು, ಕೈಯಲ್ಲಿ ಯಂತ್ರದ ಕಸಬೂ ಇತ್ತು. 1850ರಲ್ಲಿ ಬೋಸ್ಟನ್ನಿನ ಒಂದು ಕಾರ್ಖಾನೆಯಲ್ಲಿ ಪದೇ ಪದೇ ಕೆಡುತ್ತಿದ್ದ ಬೇರೆಯವರ ಹೊಲಿಗೆ ಮಶೀನನ್ನು ನೋಡಿದ. ಅದರ ಶಟಲ್ ಸುತ್ತು ಹೊಡೆಯುತ್ತಿತ್ತು, ಇವನು ಹಿಂದಕ್ಕೂ ಮುಂದಕ್ಕೂ ನೇರ ಓಡುವಂತೆ ಮಾಡಿದ. ಅಡ್ಡಡ್ಡ ಇದ್ದ ಬಾಗಿದ ಸೂಜಿಯನ್ನು ನೆಟ್ಟಗೆ ನಿಲ್ಲಿಸಿದ. ಸಾಲ ತಂದ 40 ಡಾಲರಿನಲ್ಲಿ ಮಾದರಿ ತಯಾರಾಯಿತು. 1851ರ ಆಗಸ್ಟಿನಲ್ಲಿ ಪೇಟೆಂಟು ಸಿಕ್ಕಿತು. ಹೆಂಡತಿಯ ಕಷ್ಟ ಇದರಲ್ಲಿ ಎಲ್ಲೂ ಬರುವುದಿಲ್ಲ. ಕಟ್ಟಿಕೊಂಡವಳನ್ನು ಅಷ್ಟರಲ್ಲಾಗಲೇ ಬಿಟ್ಟಿದ್ದ. ಬೇರೆ ಬೇರೆ ಹೆಂಗಸರಲ್ಲಿ ಅವನಿಗೆ ಇಪ್ಪತ್ತಕ್ಕಿಂತ ಹೆಚ್ಚು ಮಕ್ಕಳು. ನಿಜಕ್ಕೂ ಹೊಲಿದು ಮನೆ ನಡೆಸಿದವಳು ಅವನ ಎದುರಾಳಿ ಎಲಿಯಾಸ್ ಹೋವ್‌ನ ಹೆಂಡತಿ. ತುದಿಯಲ್ಲಿ ಕಣ್ಣಿರುವ ಸೂಜಿಗೂ ಕೆಳಗಿನ ದಾರ ಒಯ್ಯುವ ಶಟಲಿಗೂ 1846ರಲ್ಲೇ ಪೇಟೆಂಟು ಪಡೆದವನು ಹೋವ್. 1854ರಲ್ಲಿ ಅವನು ಕೋರ್ಟಿನಲ್ಲಿ ಗೆದ್ದ, ಸಿಂಗರ್ ದುಡ್ಡು ಕಟ್ಟಬೇಕಾಯಿತು. ಒಬ್ಬನ ಹೆಂಡತಿಯ ಕಥೆ ಇನ್ನೊಬ್ಬನ ಮಶೀನಿಗೆ ಅಂಟಿಕೊಂಡು, ಸಮುದ್ರ ದಾಟಿ, ಕೊನೆಗೆ ಗಾಂಧೀಜಿಯ ಬಾಯಲ್ಲಿ ಬಂತು.

ಕಥೆ ಬಿದ್ದುಹೋದರೂ ಮಾಫಿ ಬೀಳಲಿಲ್ಲ ಎಂಬುದು ನನ್ನ ವಾದ. ಗಾಂಧೀಜಿ ನೋಡಿದ್ದು ಮಶೀನು ಯಾರ ಕೈಯಲ್ಲಿ ಇರುತ್ತದೆ ಎಂಬುದನ್ನು. ಗಿರಣಿಗೆ ಹೋದವನು ಗಿರಣಿಯ ಆಳು. ಹೊಲಿಗೆ ಮಶೀನು ಇಟ್ಟುಕೊಂಡವನು ತನ್ನ ಕಟ್ಟೆಯ ಮೇಲೆ ತಾನೇ ಧಣಿ. ರಾಮಚಂದ್ರನ್ ಅಲ್ಲಿಗೂ ಬಿಡಲಿಲ್ಲ: ಆ ಮಶೀನು ತಯಾರಿಸುವ ಕಾರ್ಖಾನೆ ಬೇಕಲ್ಲ, ಅದರಲ್ಲಿ ದೊಡ್ಡ ಯಂತ್ರಗಳೇ ಇರಬೇಕಲ್ಲ? ಗಾಂಧೀಜಿ ಹೌದೆಂದರು, ಅಂಥ ಕಾರ್ಖಾನೆ ಸರ್ಕಾರದ್ದಾಗಿರಲಿ, ಇಲ್ಲವೇ ಸರ್ಕಾರದ ಹಿಡಿತದಲ್ಲಿರಲಿ ಎಂದರು. ಹುಡುಗನ ಈ ಪ್ರಶ್ನೆಗೆ ಮತ್ತೆ ಬರೋಣ.

ಈಗ ಅಧಿವೇಶನಕ್ಕೆ ಬರೋಣ. 1924ರ ಡಿಸೆಂಬರ್ 26 ಮತ್ತು 27. ಗಾಂಧೀಜಿ ಅಧ್ಯಕ್ಷರಾದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ. ಬೆಳಗಾವಿಯಲ್ಲಿ ಆದ ತೀರ್ಮಾನಗಳಲ್ಲಿ ಸದಸ್ಯತ್ವದ್ದು ವಿಚಿತ್ರ: ನಾಲ್ಕಾಣೆ ಚಂದಾದ ಬದಲು ತಿಂಗಳಿಗೆ 2,000 ಗಜ ನೂಲು ಕೊಡಬೇಕು. ಕಾಂಗ್ರೆಸ್ಸಿನ ಸಭೆ ಸಮಾರಂಭಗಳಲ್ಲಿ ಖಾದಿಯನ್ನೇ ತೊಡಬೇಕು. ವಕೀಲರು, ಸಾಹುಕಾರರು ತಕಲಿ ಹಿಡಿದು ಗೊಣಗಿದರು. ವರ್ಷ ತುಂಬುವ ಮೊದಲೇ ನಿಯಮ ಸಡಿಲಿಸಿದರು.

ನೂಲು ತೆಗೆದವರ ಲೆಕ್ಕ ಉಂಟು, ನೇಯ್ದವರ ನೆನಪೂ ಅಷ್ಟಿಷ್ಟು ಉಂಟು. ಹೊಲಿದವನು ಎಲ್ಲಿ? ಸೀರೆ ಧೋತರಕ್ಕೆ ದರ್ಜಿ ಬೇಡ, ನಿಜ. ಆದರೆ ಟೋಪಿ? ಅಂಗಿ, ಕುಬಸ? ಗಾಂಧಿ ಟೋಪಿ ಬಿಚ್ಚಿ ನೋಡಿ, ಪೂರ್ತಿ ನೆಟ್ಟ ಹೊಲಿಗೆ. ಸುತ್ತಲಿನ ಪಟ್ಟಿ, ನೆತ್ತಿಯ ತುಂಡು, ಅಂಚು ಮಡಚಿ ಓಡಿಸಿದರೆ ಮುಗಿಯಿತು. ಹೊಲಿಗೆ ಮಶೀನಿಗೆಂದೇ ಯಾರೋ ಯೋಚಿಸಿ ಕೊಟ್ಟಂತಿದೆ. ಸ್ವದೇಶಿಯ ಗುರುತು ತಲೆಯ ಮೇಲೆ, ಅದನ್ನು ಹೊಲಿಯುವ ಮಶೀನು ಸಿಂಗರ್ ಕಂಪನಿಯ ಸ್ಕಾಟ್‌ಲಂಡ್ ಕಾರ್ಖಾನೆಯದು! ವಿದೇಶಿ ಬಟ್ಟೆಗೆ ಬೆಂಕಿ ಹಚ್ಚಿದ ಕಾಲದಲ್ಲೂ ಸಿಂಗರ್ ಪಾರಾಯಿತು. ದರ್ಜಿಯ ಹೆಸರು ಮಾತ್ರ ಯಾವ ಕಲ್ಲಿನ ಮೇಲೂ ಇಲ್ಲ. ಇದಕ್ಕೆ ನನಗೆ ಸಿಟ್ಟಿದೆ.

ಅಷ್ಟು ಹೊತ್ತಿಗೆ ಮಶೀನು ಈ ಸೀಮೆಗೆ ಹೊಸದೇನಲ್ಲ. 1880ರ ದಶಕದ ಕೊನೆಗೆ ರೈಲು ಬಂದಿತ್ತು, ಕ್ಯಾಂಪಿನಲ್ಲಿ ಗೋರಾ ಪಲ್ಟನ್ನು ಇತ್ತು, ಪಲ್ಟನ್ನಿನ ಜತೆಗೆ ದರ್ಜಿಗಳಿದ್ದರು. ಶಿಂಪಿ ಮನೆತನಗಳಲ್ಲಿ ಕತ್ತರಿ ತಲೆತಲಾಂತರದ್ದು. ಮುಂಬಯಿಯಲ್ಲಿ ಕೂತು ದಶಕಗಳ ಕಾಲ ಸಿಂಗರ್ ವ್ಯವಹಾರ ನೋಡಿಕೊಂಡವರು ನಸರವಾನ್‌ಜಿ ಮೆರ್ವಾನ್‌ಜಿ ಪಟೇಲ್ ಎಂಬ ಪಾರ್ಸಿ ಗೃಹಸ್ಥರು. ಹೊಲಿಯದ ಬಟ್ಟೆ ಉಡುವ ಜನಕ್ಕೆ ಹೊಲಿಗೆ ಮಶೀನು ಮಾರುವ ಫಜೀತಿ ಅವರದು. ಕೈಹಿಡಿದದ್ದು ಕಂತಿನ ಪದ್ಧತಿ. ಸಿಂಗರನ ಪಾಲುದಾರ ಎಡ್ವರ್ಡ್ ಕ್ಲಾರ್ಕ್ 1856ರಲ್ಲಿ ಶುರುಮಾಡಿದ ಉಪಾಯ ಅದು: ಸ್ವಲ್ಪ ಕೊಟ್ಟು ಮಶೀನು ಒಯ್ಯಿರಿ, ದುಡಿದು ತೀರಿಸಿರಿ. ಯಂತ್ರ ತಾವೇ ತಯಾರಿಸುವವರೂ ಇಲ್ಲಿದ್ದರು: ಇದೇ ಬೆಳಗಾವಿಯಲ್ಲಿ 1888ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಸೈಕಲ್ ಅಂಗಡಿ ತೆರೆದು, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲಿನವರೆಗೆ ಬಂದರು. ಊರಿನ ಬಡಾವಣೆಗೆ ಜಾಗ ಬೇಕೆಂದು ಅವರನ್ನು ಎಬ್ಬಿಸಲಾಯಿತು, 1910ರಲ್ಲಿ ಅವರು ಔಂಧ ಸಂಸ್ಥಾನಕ್ಕೆ ಹೋಗಿ ಕಿರ್ಲೋಸ್ಕರವಾಡಿ ಕಟ್ಟಿದರು. ನಮಗೆ ಉಳಿದದ್ದು ಕಿರ್ಲೋಸ್ಕರ್ ರಸ್ತೆ. ಇರಲಿ, ಅದು ಬೇರೆಯೇ ಜಗಳ.

ಈಗ ಖಡೇಬಜಾರಿನ ಕಡೆ ಬನ್ನಿ. ಮಶೀನು ರಿಪೇರಿಯ ಒಬ್ಬ ಕಾಕಾ ಇದ್ದಾರೆ. ಅವರ ಮುಂದೆ ಜನ ಇಡುವ ಪ್ರಶ್ನೆಗಳು ಬದಲಾಗುವುದೇ ಇಲ್ಲ.

“ಕಾಕಾ, ನಮ್ಮ ಅಜ್ಜಾರ ಮಶೀನ್ ರೀ ಇದು. ನೂರು ವರ್ಷದ್ದು ಅಂತಾರ. ಎಷ್ಟಕ್ಕ ಹೋದೀತು?”

“ಮೊದಲ ಹೊಲೀತೈತೇನು ನೋಡೋಣ, ತಡೀರಿ.”

ವಯಸ್ಸು ತಿಳಿಯುವುದು ಕಷ್ಟವಲ್ಲ. ತಳದ ಬಲಗಡೆ, ಕಂಬದ ಬುಡದಲ್ಲಿ ಒಂದು ಅಕ್ಷರ, ಮುಂದೆ ಅಂಕಿಗಳು. ಎಣ್ಣೆಜಿಡ್ಡು ಒರೆಸಿದರೆ ಕಾಣುತ್ತದೆ. ಸ್ಕಾಟ್‌ಲಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದಾದರೆ ಎಫ್ ಅಕ್ಷರ 1910ರಿಂದ ಹತ್ತು ಹನ್ನೊಂದು ವರ್ಷದ ಮಾಲಿಗೆ. ವೈ ಅಕ್ಷರ ಅಲ್ಲಿಂದ 1935ರ ಸುಮಾರಿನವರೆಗೆ. ಆಮೇಲಿನವುಗಳಿಗೆ ಇ ಮತ್ತು ಅದರ ಪಕ್ಕ ಇನ್ನೊಂದು ಅಕ್ಷರ. ಗಾಂಧೀಜಿ ಮಾಫಿ ಕೊಟ್ಟ ದಿನಗಳಲ್ಲಿ ಕ್ಲೈಡ್‌ಬ್ಯಾಂಕಿನಿಂದ ಹೊರಬೀಳುತ್ತಿದ್ದದ್ದು ವೈ. ಆ ಕಾರ್ಖಾನೆ 1980ರಲ್ಲಿ ಬಾಗಿಲು ಹಾಕಿತು. ಅದರ ಹೆಸರಿನ ರೈಲು ನಿಲ್ದಾಣ ಮಾತ್ರ ಇಂದಿಗೂ ಇದೆ, ಬೋರ್ಡಿನ ಮೇಲೆ ಸಿಂಗರ್ ಎಂದೇ ಇದೆ.

ಕೆಲವರು ದನಿ ತಗ್ಗಿಸಿ ಕೆಂಪು ಪಾದರಸದ ವಿಷಯ ಕೇಳುತ್ತಾರೆ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಬ್ಬಿದ ಗಾಳಿಸುದ್ದಿ ಅದು. ಹಳೇ ಸಿಂಗರ್ ಮಶೀನಿನ ಸೂಜಿಯಲ್ಲಿ ಕೆಂಪು ಪಾದರಸ ಉಂಟು, ಅದರಿಂದ ನಿಧಿ ಸಿಗುತ್ತದೆ ಎಂದು ಜನ ಸಿಕ್ಕಾಪಟ್ಟೆ ಬೆಲೆ ಕೊಟ್ಟು ಕೊಂಡರು. ಸೂಜಿಯಲ್ಲಿ ಇರುವುದು ಉಕ್ಕು. ನಿಜವಾದ ಬೆಲೆ ಕೊಡುವವರು ಬೇರೆ: ಹೋಟೆಲು, ಬಟ್ಟೆ ಮಳಿಗೆಯ ಅಲಂಕಾರಕ್ಕೆ ಒಯ್ಯುವವರು. ಲಂಡನ್ನಿನ ಆಲ್‌ಸೇಂಟ್ಸ್ ಅಂಗಡಿಗಳ ಗಾಜಿನ ಕಿಟಕಿಯಲ್ಲಿ ಇಂಥ ಮಶೀನುಗಳನ್ನು ಸಾಲುಸಾಲು ಪೇರಿಸಿದ್ದಾರೆ. ಹೊಲಿಯಲಿಕ್ಕಲ್ಲ, ನೋಡಲಿಕ್ಕೆ. ನಮ್ಮಲ್ಲೂ ಕಾಲ್‌ಮಶೀನಿನ ಕಬ್ಬಿಣದ ಕಾಲಿನ ಮೇಲೆ ಗ್ರಾನೈಟ್ ಹಾಸಿ ಚಹಾ ಕುಡಿಯುವ ಹುಚ್ಚು ಶುರುವಾಗಿದೆ. ತಲೆ ಗುಜರಿಗೆ, ಕಾಲು ಹೋಟೆಲಿಗೆ.

ಇನ್ನು ಕೆಲಸದ ಪ್ರಶ್ನೆಗಳು. ಬಟ್ಟೆಯ ಅಡಿ ದಾರ ಗಂಟುಗಂಟಾಗಿ ಕಟ್ಟುತ್ತದೆಯೇ? ಎಲ್ಲರೂ ಬಾಬಿನ್ನನ್ನು ಬೈಯುತ್ತಾರೆ. ಬಹಳ ಸಲ ತಪ್ಪು ಮೇಲಿನ ದಾರದ್ದು. ಒತ್ತುಕಾಲು ಕೆಳಗಿಟ್ಟು ದಾರ ಪೋಣಿಸಿದರೆ ಬಿಗಿ ಮಾಡುವ ಎರಡು ಬಿಲ್ಲೆಗಳು ಕಚ್ಚಿಕೊಂಡೇ ಇರುತ್ತವೆ, ದಾರ ಅವುಗಳ ನಡುವೆ ಇಳಿಯುವುದೇ ಇಲ್ಲ. ಕಾಲು ಎತ್ತಿ ಪೋಣಿಸಿ. ಹೊಲಿಗೆ ಹಾರುತ್ತದೆಯೇ? ಸೂಜಿ ಬದಲಿಸಿ. ಸೂಜಿಗೆ ಒಂದು ಬದಿ ಉದ್ದ ಗೀರು ಇರುತ್ತದೆ, ದಾರ ಆ ಕಡೆಯಿಂದಲೇ ಒಳಹೋಗಬೇಕು. ಶಹಾಪುರದ ಸೀರೆಗೆ ಫಾಲ್ ಹಚ್ಚುವಾಗ 11ನೇ ನಂಬರಿನ ಸೂಜಿ, ಖಾದಿಗೆ 14 ಇಲ್ಲವೇ 16. ಖಾದಿಯನ್ನು ಕತ್ತರಿಸುವ ಮುಂಚೆ ನೀರಲ್ಲಿ ನೆನೆಸಿ ಒಣಗಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅಂಗಿ ತಮ್ಮನಿಗೆ ಹೋಗುತ್ತದೆ. ಉದ್ದಳತೆ ಯಾವಾಗಲೂ ಹಾಸಿನ ಗುಂಟ ಇರಲಿ, ಹೊಕ್ಕಿನ ಗುಂಟ ಬೇಡ.

ಬಾಬಿನ್ ಸಿಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಎರಡು. ದುಂಡು ಬಾಬಿನ್ನಿನ ಸಿಂಗರ್ 15 ಜಾತಿಯದಾದರೆ ಯಾವ ಅಂಗಡಿಯಲ್ಲೂ ಸಿಗುತ್ತದೆ. ಬಂದೂಕಿನ ಗುಂಡಿನಾಕಾರದ ಶಟಲ್ ಇರುವ 27, 28ರ ಮಾದರಿಯಾದರೆ ಇರುವುದನ್ನೇ ಜೋಪಾನ ಮಾಡಬೇಕು. ದುಂಡು ಬಾಬಿನ್ ಇಷ್ಟು ಸಲೀಸಾಗಿ ಸಿಗುವುದಕ್ಕೆ ಕಾರಣ ಉಷಾ ಮಶೀನು. ಕಾರ್ಖಾನೆಯ ಬಗ್ಗೆ ರಾಮಚಂದ್ರನ್ ಹಾಕಿದ ಪ್ರಶ್ನೆಗೆ ಉತ್ತರ ಬಂದದ್ದೂ ಅಲ್ಲಿಂದಲೇ. ಗಾಂಧೀಜಿಯ ಮಾತಿಗೆ ಹನ್ನೊಂದು ವರ್ಷವಾದ ಮೇಲೆ, 1935ರಲ್ಲಿ, ಕಲ್ಕತ್ತೆಯಲ್ಲಿ ಬಿಶನ್ ದಾಸ್ ಬಸಿಲ್ ಎಂಬವರು ಜಯ್ ಎಂಜಿನಿಯರಿಂಗ್ ವರ್ಕ್ಸ್ ಕಟ್ಟಿ, ಸಿಂಗರ್ ಮಾದರಿಯನ್ನೇ ಮುಂದಿಟ್ಟುಕೊಂಡು ದೇಶೀ ಮಶೀನು ತಂದರು. ಹೆಸರು ಮಗಳದು. ಸಿಂಗರ್‌ಗೆ ಇಲ್ಲದ ಹೆಂಡತಿಯ ಕಥೆ ಕಟ್ಟಿದರು, ಉಷಾಗೆ ನಿಜವಾದ ಮಗಳೇ ಇದ್ದಳು. ಕಾರ್ಖಾನೆ ಸರ್ಕಾರದ್ದಾಗಲಿಲ್ಲ. 1938ರಲ್ಲಿ ಲಾಲಾ ಶ್ರೀರಾಮ್ ಕೈಗೆ ಹೋಯಿತು. ಮುಂದೆ ಲುಧಿಯಾನದ ಸಣ್ಣ ಕಾರ್ಖಾನೆಗಳು ಅದೇ ಕರಿ ಮಶೀನನ್ನು ಅಗ್ಗದಲ್ಲಿ ಊರೂರಿಗೆ ಮುಟ್ಟಿಸಿದವು. ಈಗ ಸರ್ಕಾರ ಮಶೀನು ಮಾಡುವುದಿಲ್ಲ, ಕೊಂಡು ಉಚಿತವಾಗಿ ಹಂಚುತ್ತದೆ. ಹಂಚುವ ದಿನ ಫೋಟೊ ಇರುತ್ತದೆ. ಮಳೆಗಾಲ ಮುಗಿದ ಮೇಲೆ ಅದು ಓಡುತ್ತಿದೆಯೇ ಎಂದು ನೋಡುವವರಿಲ್ಲ.

ಮಳೆಗಾಲದ ಮಾತು ಪಕ್ಕದ ಖಾನಾಪುರ ತಾಲೂಕಿನವರನ್ನೇ ಕೇಳಬೇಕು. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಜೂನಿನಲ್ಲಿ ಹಿಡಿದ ಮಳೆ ಸುಲಭಕ್ಕೆ ಬಿಡುವುದಿಲ್ಲ. ಗೋಡೆ ಬೆವರುತ್ತದೆ, ಸೂಜಿ ಒಂದೇ ವಾರದಲ್ಲಿ ತುಕ್ಕು ಹಿಡಿಯುತ್ತದೆ, ಚರ್ಮದ ಪಟ್ಟಾ ನೆನೆದು ಜಾರುತ್ತದೆ. ಅಲ್ಲಿಂದ ಬರುವ ಮಶೀನಿನ ಮುಚ್ಚಳ ಬಿಚ್ಚಿದ ಕೂಡಲೇ ಕಾಕಾ ಮೂಸಿ ನೋಡುತ್ತಾರೆ. “ಕೊಬ್ಬರಿ ಎಣ್ಣಿ ಹಾಕೀರಿ, ಹೌದಲ್ಲೋ ಅಕ್ಕಾರ?” ಅಡುಗೆ ಎಣ್ಣೆ ಒಳಗೆ ಗೋಂದಿನಂತೆ ಹಿಡಿದು ಗಾಲಿಯನ್ನೇ ನಿಲ್ಲಿಸುತ್ತದೆ. ಸೀಮೆಎಣ್ಣೆ ಆ ಗೋಂದನ್ನು ಬಿಡಿಸುವುದಕ್ಕೆ ಸೈ, ಹಾಗೇ ಬಿಟ್ಟರೆ ಕೀಲು ಒಣಗುತ್ತದೆ. ಆಮೇಲೆ ಮಶೀನಿನ ತಿಳಿ ಎಣ್ಣೆಯನ್ನೇ ಹಾಕಬೇಕು, ಒಂದೊಂದು ತೂತಿಗೆ ಒಂದೊಂದು ಹನಿ.

ಇಷ್ಟೆಲ್ಲ ಇದ್ದೂ ಮಶೀನನ್ನು ಬಳಿಗೆ ಸೇರಿಸದ ಒಂದು ಹೊಲಿಗೆ ಇದೇ ತಾಲೂಕಿನಲ್ಲಿ ಉಂಟು. ಖಾನಾಪುರದ ಕಾಡಂಚಿನಲ್ಲೂ ಆಚೆ ಹಳಿಯಾಳ, ಯಲ್ಲಾಪುರಗಳಲ್ಲೂ ಇರುವ ಸಿದ್ದಿ ಸಮುದಾಯದ ಹೆಂಗಸರ ಕೌದಿ. ಹಳೇ ಸೀರೆ, ಹರಿದ ಅಂಗಿ, ಮಗುವಿನ ಲಂಗದ ತುಂಡುಗಳನ್ನು ಅಂಚಿನಿಂದ ಹಚ್ಚುತ್ತ ಸುತ್ತು ಹಾಕಿ ನಡುವಿಗೆ ಬರುತ್ತಾರೆ. ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ತ್ರಿಕೋನ, ಅದಕ್ಕೆ ಹೂವೆನ್ನುತ್ತಾರೆ. ಅದಿಲ್ಲದ ಕೌದಿ ಬತ್ತಲೆ ಎಂದು ಅವರ ಲೆಕ್ಕ. ಪೇಟೆಯಿಂದ ಬಂದವರು ಮಶೀನಿನಲ್ಲಿ ಹೊಲಿದು ಬೇಗ ಕೊಡಬಾರದೇ ಎನ್ನುತ್ತಾರೆ. ಕೊಡಲಾಗುವುದಿಲ್ಲ. ಮಶೀನಿನ ಹಲ್ಲು ಅಡಿಯ ಬಟ್ಟೆಯನ್ನು ಎಳೆಯುತ್ತದೆ, ಒತ್ತುಕಾಲು ಮೇಲಿನದನ್ನು ತಡೆಯುತ್ತದೆ. ಎರಡು ಪದರಕ್ಕೆ ಪರವಾಗಿಲ್ಲ. ನಾಲ್ಕೈದು ಪದರದ, ಒಂದೊಂದು ಒಂದೊಂದು ನೇಯ್ಗೆಯ ಹಳೇ ಬಟ್ಟೆಯಾದರೆ ಒಳಗಿನದು ಸರಿದು ಮುದ್ದೆಗಟ್ಟುತ್ತದೆ. ಮಳೆಗಾಲದಲ್ಲಿ ಆ ಮುದ್ದೆ ಬೇಗ ಒಣಗುವುದೂ ಇಲ್ಲ.